ನಾಲ್ಕೂವರೆಯ ಬಾಗಿಲು

ಸಂಜೆ ನಾಲ್ಕೂವರೆಗೆ ಒಂದು ಬಾಗಿಲು ತೆಗೆಯುವುದು ನನ್ನ ಕೆಲಸವಾಗಿತ್ತು. ಒಂದು ಚಳಿಗಾಲದಲ್ಲಿ ನಾನು ಅದನ್ನು ಆರೂವರೆಗೆ ತೆಗೆದೆ. ನನ್ನ ತಪ್ಪನ್ನು ಇಷ್ಟರಲ್ಲೇ ಹೇಳಿ ಮುಗಿಸಬಹುದು. ಆದರೆ ಕೇಳಿದವರು, ಎರಡು ತಾಸಿನ ಮಾತು, ಅದರಲ್ಲೇನಿದೆ ಎನ್ನುತ್ತಾರೆ. ಆಗ ನಾನೂ ಹಾಗೆಯೇ ಅಂದುಕೊಂಡಿದ್ದೆ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಬೀದರ ಜಿಲ್ಲೆಯ ಔರಾದ ತಾಲ್ಲೂಕಿನಲ್ಲಿ, ಠಾಣಾ ಕುಶನೂರಿಗೆ ಹತ್ತಿರದ ನಮ್ಮೂರಿನ ಪಂಚಾಯಿತಿ ಗ್ರಂಥಾಲಯಕ್ಕೆ ನಾನು ಮೇಲ್ವಿಚಾರಕನಾಗಿದ್ದೆ. ಓದಿದ್ದು ಹತ್ತನೆಯ ತರಗತಿ. ಒಂದೇ ಕೋಣೆ, ಎರಡು ಕಪಾಟು, ಒಂದು ಕಂಪ್ಯೂಟರು, ಅದಕ್ಕೊಂದು ಬ್ಯಾಟರಿ. ಬೆಳಿಗ್ಗೆ ಪೇಪರು ಓದುವ ಹಿರಿಯರು ಬರುತ್ತಿದ್ದರು. ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಕೂಡಿಸಿ ಓದಿಸಬೇಕು, ಬೇಸಿಗೆಯಲ್ಲಿ ಶಿಬಿರ ಮಾಡಬೇಕು ಎಂದು ಮೇಲಿನಿಂದ ಆದೇಶ ಬಂದಾಗ ಮೊದಲು ಗೊಣಗಿದವನೇ ನಾನು. ಆಮೇಲೆ ರುಚಿ ಹತ್ತಿತು. ಊರವರು ನನ್ನನ್ನು ಮಾಸ್ತರ್ ಎಂದು ಕರೆಯತೊಡಗಿದರು. ಮಕ್ಕಳು ಮುತ್ಯಾ, ಅಂದರೆ ಅಜ್ಜ, ಎನ್ನುತ್ತಿದ್ದರು. ಎರಡರಲ್ಲಿ ಮೊದಲನೆಯದೇ ನನಗೆ ಹೆಚ್ಚು ಸೇರುತ್ತಿತ್ತು.

ಶಾಲೆ ನಾಲ್ಕು ಇಪ್ಪತ್ತಕ್ಕೆ ಬಿಡುತ್ತಿತ್ತು. ನಾಲ್ಕೂವರೆಗೆ ನಾನು ಬಾಗಿಲು ತೆಗೆದು ಜಮಖಾನೆ ಹಾಸುತ್ತಿದ್ದೆ. ಮೊದಲು ಕಾಲು ತಾಸು ಯಾರಿಗೆ ಯಾವ ಪುಸ್ತಕ ಬೇಕೋ ಅದು. ಆಮೇಲೆ ಜೋಡಿ ಓದು. ದೊಡ್ಡವರು ಚಿಕ್ಕವರ ಪಕ್ಕ ಕೂತು, ಅಕ್ಷರದ ಕೆಳಗೆ ಬೆರಳಿಟ್ಟು ಓದಿಸಬೇಕು. ತಪ್ಪಿದರೆ ತಾವು ಹೇಳಿಬಿಡಬಾರದು, ಹತ್ತು ಎಣಿಸುವವರೆಗೆ ಕಾಯಬೇಕು. ಈ ಕಾಯುವುದನ್ನು ಕಲಿಸುವುದೇ ನನಗೆ ಕಷ್ಟವಾಗಿತ್ತು. ನಂತರ ಶಾಲೆಯ ಲೆಕ್ಕ, ಬರವಣಿಗೆ. ಕೊನೆಯ ಹತ್ತು ನಿಮಿಷ ಒಬ್ಬರು ಎಲ್ಲರಿಗೂ ಕೇಳುವಂತೆ ಕಥೆ ಓದಬೇಕು. ಕಥೆಯನ್ನು ಒಳ್ಳೆಯ ಕಡೆ ನಿಲ್ಲಿಸಬೇಕು, ಮರುದಿನ ಮುಂದುವರಿಸಬೇಕು. ನಾಳೆಯೂ ಬರಲಿ ಎಂದು ಮಾಡಿದ ಉಪಾಯ ಅದು.

ಹಳ್ಳದ ಆಚೆ, ಎರಡು ಕಿಲೋಮೀಟರ್ ದೂರದಲ್ಲಿ ಒಂದು ವಾಡಿ, ಕೆಲವೇ ಮನೆಗಳ ಪುಟ್ಟ ಹಳ್ಳಿ, ಇದೆ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಅಲ್ಲಿಂದ ಐದು ಹೆಣ್ಣುಮಕ್ಕಳು ಬರುತ್ತಿದ್ದರು. ಅವರಲ್ಲಿ ಐದನೆಯ ತರಗತಿಯ ಒಬ್ಬಳು ಕಥೆ ನಿಲ್ಲಿಸುವುದರಲ್ಲಿ ಎಲ್ಲರಿಗಿಂತ ಜಾಣೆ. ಬಾಗಿಲು ತಟ್ಟಿದ ಸದ್ದು ಬಂತು ಎಂಬಲ್ಲಿಗೆ ಪುಸ್ತಕ ಮುಚ್ಚಿ, ‘ಯಾರ್ ತಟ್ಟ್ಯಾರ ಅಂತ ರಾತ್ರಿ ಮಲ್ಕೊಂಡು ವಿಚಾರ ಮಾಡ್ರಿ’ ಎಂದು ದೊಡ್ಡವರ ಗತ್ತಿನಲ್ಲಿ ಹೇಳುತ್ತಿದ್ದಳು. ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಅವಳನ್ನು ಕೂಡಿಸಬೇಕೆಂದು ಊರಿನ ಶಾಲೆಯ ಟೀಚರ್ ಹಟ ಹಿಡಿದಿದ್ದರು. ಸೀಟು ಸಿಕ್ಕರೆ ಆರನೆಯ ತರಗತಿಯಿಂದ ಹತ್ತರವರೆಗೆ ಊಟ, ವಸತಿ, ಓದು ಎಲ್ಲ ಅಲ್ಲಿಯೇ. ಐದನೆಯ ತರಗತಿಯಲ್ಲಿದ್ದಾಗ ಒಂದೇ ಸಲ ಬರೆಯುವ ಪರೀಕ್ಷೆ ಅದು.

ಅವಳ ತಂದೆ ತಾಯಿ ದಸರಾ ಮುಗಿದ ಮೇಲೆ ಕಬ್ಬು ಕಡಿಯುವ ಟೋಳಿಯೊಂದಿಗೆ, ಆಳುಗಳ ಗುಂಪಿನೊಂದಿಗೆ, ಹೋಗುತ್ತಿದ್ದರು. ಪುಟ್ಟ ತಂಗಿ ಅವರ ಜೊತೆ. ಇವಳು ಅಜ್ಜಿಯ ಹತ್ತಿರ. ಅಜ್ಜಿ ನಮ್ಮೂರ ಹೊಲಗಳಿಗೆ ಕೂಲಿಗೆ ಬರುತ್ತಿದ್ದಳು, ಐದೂವರೆ ಸುಮಾರಿಗೆ ಗ್ರಂಥಾಲಯದ ಮೆಟ್ಟಿಲ ಹತ್ತಿರ ನಿಂತು ವಾಡಿಯ ಐವರನ್ನೂ ಕರೆದುಕೊಂಡು ಹೋಗುತ್ತಿದ್ದಳು. ಕತ್ತಲಾದರೆ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ದಾರಿಯುದ್ದಕ್ಕೂ ತೊಗರಿ. ಆ ದಿನಗಳಲ್ಲಿ ತೊಗರಿ ಆಳೆತ್ತರ ಬೆಳೆದಿರುತ್ತದೆ, ನಡುವಿನ ಕಾಲುದಾರಿಯಲ್ಲಿ ಹೋಗುವ ಮಗು ಹೊರಗಿನವರಿಗೆ ಕಾಣುವುದಿಲ್ಲ.

ತಂದೆ ತಾಯಿ ಹೊರಡುವ ಮೊದಲು ಅಜ್ಜಿ ನನ್ನ ಹತ್ತಿರ ಬಂದು ಕೇಳಿಯೇ ಒಪ್ಪಿದ್ದಳು.

‘ಮಾಸ್ತರ್, ಸಾಲಿ ಬಿಟ್ಟಿಂದ ನಾ ಬರೋತನಕ ಅಕಿ ನಿಮ್ಮ ಕಣ್ಣ ಮುಂದ ಇರ್ತಾಳಂದ್ರ ನಾ ಇಟ್ಕೋತೇನ್ರಿ. ಇಲ್ಲಾಂದ್ರ ಅವರಪ್ಪನ ಸಂಗಟ ಹೋಗ್ಲಿ. ಖಾಲಿ ಮನ್ಯಾಗ ಹೆಣ್ಣ ಹುಡುಗಿ ಬಿಟ್ಟು ಬಂದ್ರ ನಂಗ ಹೊಲದಾಗ ಕೈ ಓಡಲ್ರಿ.’

‘ಇರ್ತಾಳವ್ವಾ. ನಾ ಎಲ್ಲಿ ಹೋಗ್ತೇನಿ’ ಎಂದೆ.

ನಾನು ಹೋದದ್ದು ಗೋಧಿಗೆ ನೀರು ಬಿಡಲು.

ನನಗೆ ಬಾವಿಯ ಕೆಳಗೆ ಒಂದೂವರೆ ಎಕರೆ ಇತ್ತು. ದೀಪಾವಳಿಯ ನಂತರ ಗೋಧಿ ಬಿತ್ತಿದ್ದೆ. ಮೋಟಾರಿಗೆ ಬೇಕಾದ ತ್ರೀ ಫೇಸ್ ಕರೆಂಟು ಆ ವರ್ಷ ನಮ್ಮ ಕಡೆಗೆ ಹಗಲು ಮೂರರಿಂದ ಆರು, ಮತ್ತೆ ನಡುರಾತ್ರಿ ಮೂರು ತಾಸು ಎಂದಾಯಿತು. ಮೋಟಾರು ತಾನೇ ಚಾಲೂ ಆಗುತ್ತದೆ, ಆದರೆ ನೀರು ತಾನೇ ತಿರುಗುವುದಿಲ್ಲ. ಒಂದು ಮಡಿ ತುಂಬಿದ ಕೂಡಲೇ ಸಲಿಕೆಯಿಂದ ಬಾಯಿ ಮುಚ್ಚಿ ಮುಂದಿನ ಮಡಿಗೆ ಹರಿಸಬೇಕು. ಮನುಷ್ಯ ಅಲ್ಲಿರಲೇಬೇಕು. ಪಕ್ಕದ ಹೊಲದವನು ರಾತ್ರಿ ಹೋಗುತ್ತಿದ್ದ. ನನ್ನನ್ನು ಕಂಡಾಗಲೆಲ್ಲ ಒಂದು ಮಾತು ಇಟ್ಟೇ ಇರುತ್ತಿದ್ದ.

‘ಏನ್ ಮಾಸ್ತರ್, ಹುಡುಗುರಿಗಿ ಅ ಆ ಇ ಈ ಹೇಳ್ಕೋತ ಕೂಡ್ರಿ. ಗೋಧಿ ನಿಮ್ಮ ಪಾಠ ಕೇಳೇ ಬೆಳಿತದ.’

ನಾನೂ ರಾತ್ರಿ ಹೋಗಬಹುದಿತ್ತು. ಚಳಿ ಇತ್ತು, ವಯಸ್ಸಾಗಿತ್ತು, ಹಾವಿನ ಅಂಜಿಕೆ ಇತ್ತು. ಈ ಮೂರು ಕಾರಣಗಳನ್ನು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಮೂರೂ ನಿಜ. ಮೂರನ್ನೂ ಕೂಡಿಸಿದರೂ ಆ ಹುಡುಗಿಯಷ್ಟು ತೂಕ ಬರುವುದಿಲ್ಲ.

ಹೊರಗಿನ ಕಪ್ಪು ಹಲಗೆಯ ಮೇಲೆ ಬರೆದೆ: ‘ನಾಳೆಯಿಂದ ಗ್ರಂಥಾಲಯ ಸಂಜೆ ಆರೂವರೆಯಿಂದ ಎಂಟರವರೆಗೆ. ಮಕ್ಕಳ ಅನುಕೂಲಕ್ಕಾಗಿ.’

ಹುಡುಗಿ ಅದನ್ನು ಗಟ್ಟಿಯಾಗಿ ಓದಿದಳು. ಓದುವುದನ್ನು ಕಲಿತ ಮಕ್ಕಳು ಎದುರಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಾರೆ.

‘ಯಾವ ಮಕ್ಕಳ ಅನುಕೂಲ, ಮುತ್ಯಾ?’

‘ಒಂದ್ ತಿಂಗಳ ಮಾತು. ಅಲ್ಲೀತನಕ ಮನ್ಯಾಗ ಓದ್ಕೋ.’

‘ಕಥಿ ನಡಕ ನಿಂತದಲ್ಲ?’

‘ಕಥಿ ಎಲ್ಲಿ ಓಡಿ ಹೋಗ್ತದ.’

 ಅಜ್ಜಿ ಬಂದಳು, ಐವರನ್ನೂ ಮುಂದೆ ಮಾಡಿಕೊಂಡು ತೊಗರಿಯ ನಡುವೆ ಹೋದಳು. ಅಜ್ಜಿಗೆ ನಾನು ಏನೂ ಹೇಳಲಿಲ್ಲ. ಹಲಗೆಯ ಮೇಲೆ ಬರೆದಿದ್ದೇನಲ್ಲ ಎಂದುಕೊಂಡೆ. ಅವಳಿಗೆ ಓದು ಬಾರದು ಎಂಬುದು ನನಗೆ ಗೊತ್ತಿತ್ತು.

ಮರುದಿನದಿಂದ ನಾನು ಸಲಿಕೆ ಹಿಡಿದು ಹೊಲದಲ್ಲಿ ನಿಂತೆ. ಆರೂವರೆಗೆ ಕಾಲು ತೊಳೆದುಕೊಂಡು ಬಾಗಿಲು ತೆಗೆಯುತ್ತಿದ್ದೆ. ವಾಡಿಯ ಮಕ್ಕಳು ಬರಲಿಲ್ಲ. ಅದರ ಬದಲು ಊರಿನ ಗಂಡುಹುಡುಗರು ಹೆಚ್ಚಾದರು. ಸಂಜೆ ಕ್ರಿಕೆಟ್ ಮುಗಿಸಿ, ಮನೆಯಲ್ಲಿ ಚಹಾ ಕುಡಿದು, ಕಂಪ್ಯೂಟರಿನ ಆಸೆಗೆ ಬರುತ್ತಿದ್ದರು. ಹಾಜರಿ ಪುಸ್ತಕ ಮೊದಲಿಗಿಂತ ತುಂಬಿ ಕಾಣುತ್ತಿತ್ತು. ತಪಾಸಣೆಗೆ ಬಂದವರು ಪುಟ ತಿರುವಿ ಶಾಭಾಸ್ ಎಂದರು. ಹೋದ ಐದು ಹೆಸರು ಯಾರ ಕಣ್ಣಿಗೂ ಬೀಳಲಿಲ್ಲ. ನನ್ನ ಕಣ್ಣಿಗೆ ಬಿದ್ದಿದ್ದವು.

ಮೂರು ವಾರ ಕಳೆದ ಮೇಲೆ ಒಂದು ದಿನ ಶಾಲೆ ಬಿಟ್ಟ ಕೂಡಲೇ ಟೀಚರ್ ಹೊಲದ ಬದುವಿಗೇ ಬಂದರು. ಚಪ್ಪಲಿಗೆ ಕೆಸರು ಹತ್ತಿದ್ದನ್ನೂ ನೋಡಲಿಲ್ಲ.

‘ವಾಡಿ ಹುಡುಗಿ ಎಂಟ ದಿನ ಆತು ಸಾಲಿಗಿ ಬಂದಿಲ್ರಿ. ಪರೀಕ್ಷಾ ಅರ್ಜಿ ಶುರು ಆಗ್ಯಾವ. ನಿಮಗ ಏನರೆ ಗೊತ್ತದ ಏನ್ರಿ?’

ಗೊತ್ತಿಲ್ಲ ಎಂದೆ. ಮೋಟಾರು ಬಂದ್ ಮಾಡಿ ವಾಡಿಗೆ ನಡೆದೆ. ಅಜ್ಜಿ ಜ್ವರ ಬಂದು ಮಲಗಿದ್ದಳು. ನನ್ನನ್ನು ನೋಡಿ ಎದ್ದು ಕೂತು ಸೆರಗು ಸರಿಮಾಡಿಕೊಂಡಳು. 

‘ಕಳಿಸ್ದೆ ಮಾಸ್ತರ್. ಟೋಳಿ ಮುಕಾದಮನ ಟ್ರ್ಯಾಕ್ಟರ್ ಇತ್ತ ಬಂದಿತ್ತು, ಕೂಡ್ರಿಸಿ ಕಳಿಸ್ದೆ. ಭಾಲ್ಕಿ ಕಡಿ ಕಬ್ಬ ಕಡೀಲತ್ತಾರ.’

‘ನನಗೊಂದ್ ಮಾತ ಹೇಳಬೇಕಿತ್ತವ್ವಾ.’

‘ಏನಂತ ಹೇಳ್ಲಿ? ನಿಮ್ಮ ಬಾಗಿಲಾ ಮುಚ್ಚಿತ್ತು. ಉಳದ ಹುಡುಗೇರು ಸಾಲಿಂದ ಸೀದಾ ಮನಿಗಿ ಹೋಗ್ಯಾರ, ಅಕಿ ಒಬ್ಬಾಕಿನೇ ನಾಕ ದಿನಾ ಮೆಟ್ಟಲ ಮ್ಯಾಲ ನನ್ನ ಹಾದಿ ಕಾಯ್ಕೋತ ಕುಂತಾಳ. ಐದನೇ ದಿನಾ ಯಾರೋ ಗಾಡಿ ಮ್ಯಾಲಿನವ ನಿಲ್ಸಿ, ಬಿಡ್ತೀನಿ ಬಾ ಅಂದನಂತ. ಹೋಗಿಲ್ಲ ಅಕಿ, ಶಾಣ್ಯಾಕಿ. ಆದ್ರ ಎಷ್ಟ ದಿನಾ ಅಂತ ಶಾಣ್ಯಾಕಿ ಇರ್ಬೇಕ್ರಿ ಹತ್ತ ವರ್ಷದ ಕೂಸು?’

  ಓದು, ಬರಹ, ಕಥೆ ಎಂದು ನಾವು ಆ ಕೋಣೆಯ ಬಗ್ಗೆ ಎಷ್ಟೋ ವರದಿ ಬರೆದಿದ್ದೆವು. ಶಾಲೆಯ ಗಂಟೆಗೂ ಸೂರ್ಯ ಮುಳುಗುವುದಕ್ಕೂ ನಡುವಿನ ಆ ಸ್ವಲ್ಪ ಹೊತ್ತು ಒಂದು ಮಗುವಿಗೆ ಕೂರಲು ಜಾಗ ಇದೆ ಎಂಬ ಧೈರ್ಯದಿಂದಲೇ ಒಬ್ಬ ಮುದುಕಿ ಮೊಮ್ಮಗಳನ್ನು ಇಟ್ಟುಕೊಂಡಿದ್ದಳು. ಅದನ್ನು ನಾವು ಯಾವ ವರದಿಯಲ್ಲೂ ಬರೆದಿರಲಿಲ್ಲ.

ಮರುದಿನ ಭಾಲ್ಕಿಯ ಬಸ್ಸು ಹತ್ತಿದೆ. ಅಲ್ಲಿಂದ ಕಬ್ಬಿನ ಟ್ರ್ಯಾಕ್ಟರುಗಳನ್ನು ಕೇಳುತ್ತ ಕೇಳುತ್ತ ಟೋಳಿ ಇಳಿದಿದ್ದ ಹೊಲ ಸಿಕ್ಕಿತು. ಹತ್ತು ಹನ್ನೆರಡು ಗುಡಿಸಲು, ಕಬ್ಬಿನ ಸೋಗೆಯ ಹೊದಿಕೆ. ಹುಡುಗಿ ತಂಗಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಒಲೆ ಊದುತ್ತಿದ್ದಳು. ನನ್ನನ್ನು ಕಂಡು ನಕ್ಕಳು.

‘ಮುತ್ಯಾ, ಬಾಗಿಲಾ ಯಾರ್ ತಟ್ಟಿದ್ರು?’

ನನಗೆ ಕೂಡಲೇ ಹೊಳೆಯಲಿಲ್ಲ. ನಿಂತಿದ್ದ ಕಥೆಯನ್ನು ಕೇಳುತ್ತಿದ್ದಳು. ಆ ಪುಸ್ತಕ ತಂದಿರಲಿಲ್ಲ. ತಂದದ್ದು ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳು.

ತಂದೆ ಕಬ್ಬು ಕಡಿಯುವ ಕೋಯ್ತಾ ಕೆಳಗಿಟ್ಟು ಬಂದ. ನಾನು ಕೈ ಮುಗಿದು ಕೇಳಿದೆ. ಬಾಗಿಲು ಇನ್ನು ನಾಲ್ಕೂವರೆಗೇ ತೆಗೆಯುತ್ತೇನೆ ಎಂದೆ. ನನ್ನ ಮನೆಯಲ್ಲೇ ಇರಲಿ, ನನ್ನ ಹೆಂಡತಿ ಇದ್ದಾಳೆ ಎಂದೆ.

‘ಮಾಸ್ತರ್, ನಿಮ್ಮ ಮ್ಯಾಲ ನಮಗ ಸಿಟ್ಟಿಲ್ರಿ. ಆದ್ರ ಹೆಣ್ಣ ಹುಡುಗೀಗಿ ಮಂದಿ ಮನ್ಯಾಗ ಹ್ಯಾಂಗ ಇಡ್ಲಿ? ಮುದುಕಿ ಹಾಸಿಗಿ ಹಿಡದಾಳ. ಇಲ್ಲಿ ಕೂಸಿನ ನೋಡ್ಕೋತಾಳ, ರೊಟ್ಟಿ ಬಡಿತಾಳ. ಕಣ್ಣ ಮುಂದ ಅದಾಳ.’

ನಾನು ಅಜ್ಜಿಗೆ ಕೊಟ್ಟಿದ್ದ ಮಾತನ್ನೇ ಅವನು ಆಡಿದ್ದ. ಕಣ್ಣ ಮುಂದೆ. 

ಪರೀಕ್ಷೆ ಮಾತ್ರ ಬರೆಯಲಿ ಎಂದು ಒಪ್ಪಿಸಿದೆ. ಟೀಚರ್ ಊರಲ್ಲಿ ಕೂತು ಫೋನಿನಲ್ಲಿ ಅರ್ಜಿ ತುಂಬುತ್ತಿದ್ದರು, ಓಟಿಪಿ ತಂದೆಯ ಫೋನಿಗೆ ಬರಬೇಕಿತ್ತು. ಆ ಹೊಲದಲ್ಲಿ ಅವನ ಫೋನಿಗೆ ಸಿಗ್ನಲ್ ಇರಲಿಲ್ಲ, ನನ್ನದಕ್ಕೆ ಸ್ವಲ್ಪ ಸಿಗುತ್ತಿತ್ತು. ಮುಕಾದಮ, ಅಂದರೆ ಟೋಳಿಯ ಮೇಸ್ತ್ರಿ, ತುಂಬಿದ ಟ್ರಾಲಿಯ ಮೇಲೆ ಹತ್ತಿ ಎಂದ. ತಂದೆ ಫೋನು ಎತ್ತಿ ಹಿಡಿದು ಕಬ್ಬಿನ ಮೇಲೆ ನಿಂತ. ಅಂಕಿ ಬಂದ ಕೂಡಲೇ ಕೂಗಿದ, ನಾನು ನನ್ನ ಫೋನಿನಲ್ಲಿ ಟೀಚರಿಗೆ ಕೂಗಿದೆ. ಎರಡು ಸಲ ಹೊತ್ತು ಮೀರಿತು, ಮೂರನೆಯದು ಹತ್ತಿತು.

‘ಅರ್ಜಿ ತುಂಬಲಿಕ್ಕೇ ಇಷ್ಟ ಎತ್ತರ ಹತ್ಬೇಕಾತು. ಪಾಸಾದ್ರ ವಿಮಾನನೇ ತರಸ್ಬೇಕ್ ನೋಡ್ರಿ’ ಎಂದ ಮುಕಾದಮ. ಎಲ್ಲರೂ ನಕ್ಕರು. ಹುಡುಗಿಯೂ ನಕ್ಕಳು. ಆ ದಿನ ನಾನು ಎಲ್ಲ ಸರಿಹೋಯಿತು ಎಂದುಕೊಂಡು ಬಸ್ಸಿನಲ್ಲಿ ನಿದ್ದೆ ಮಾಡಿದೆ.

‘ಪರೀಕ್ಷಾದ ಹಿಂದಿನ ದಿನಾ ಬರ್ರಿ, ಕಳಸ್ತೀನಿ’ ಎಂದು ತಂದೆ ಹೇಳಿದ್ದ.

ಊರಿಗೆ ಬಂದು ಹಲಗೆ ಒರೆಸಿ ನಾಲ್ಕೂವರೆ ಎಂದು ಬರೆದೆ. ಗೋಧಿ ಬಿಟ್ಟೆ, ನೀರು ತಿರುವಲು ಪಕ್ಕದ ಹೊಲದವನಿಗೆ ಹೇಳಿದೆ, ಅವನು ತನ್ನದು ಮುಗಿಸಿ ಉಳಿದರೆ ನನ್ನದಕ್ಕೆ ಬಿಡುತ್ತಿದ್ದ. ವಾಡಿಯ ಉಳಿದ ನಾಲ್ವರಲ್ಲಿ ಇಬ್ಬರು ಮರಳಿ ಬಂದರು. ಅವರನ್ನು ದಿನಾ ಹಳ್ಳದವರೆಗೆ ನಾನೇ ಬಿಟ್ಟು ಬರುತ್ತಿದ್ದೆ. ಇನ್ನಿಬ್ಬರ ಮನೆಯಲ್ಲಿ ಕೇಳಿದಾಗ, ‘ಮತ್ತ ಎಂದ ಬದಲಿ ಮಾಡ್ತೀರೋ’ ಎಂದರು.

ಪರೀಕ್ಷೆ ಒಂದು ಭಾನುವಾರ ಔರಾದಿನಲ್ಲಿ ಎಂದು ಗೊತ್ತಾಯಿತು. ತಂದೆಯ ಫೋನು ಒಮ್ಮೆ ಹತ್ತಿದಾಗ ತಾರೀಖು ಹೇಳಿದೆ. ಪ್ರವೇಶಪತ್ರ ಬಂತು. ಶನಿವಾರ ಬೆಳಿಗ್ಗೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ, ಆ ಕಥೆ ಪುಸ್ತಕವನ್ನೂ ಇಟ್ಟುಕೊಂಡು ಭಾಲ್ಕಿಗೆ ಹೋದೆ. ಹೊಲದಲ್ಲಿ ಕಬ್ಬು ಇರಲಿಲ್ಲ, ಗುಡಿಸಲೂ ಇರಲಿಲ್ಲ. ಒಲೆಯ ಕಲ್ಲುಗಳು ಮಾತ್ರ ಇದ್ದವು. ಸಕ್ಕರೆ ಕಾರ್ಖಾನೆಯಿಂದ ಕಬ್ಬು ಕಡಿಯುವ ಚೀಟಿ ಯಾವ ಹೊಲಕ್ಕೆ ಬರುತ್ತದೋ ಆ ಹೊಲಕ್ಕೆ ಟೋಳಿ ಹೋಗಬೇಕು, ಒಂದು ದಿನ ಮೊದಲು ಗೊತ್ತಾಗುತ್ತದೆ, ಅಷ್ಟೇ. ತಂದೆಗೆ ಫೋನು ಹಚ್ಚಿದರೆ ಕಂಪನಿಯ ರೆಕಾರ್ಡಿನ ಹೆಣ್ಣುಮಗಳ ಧ್ವನಿ ಮರಾಠಿಯಲ್ಲಿ ಏನೋ ಹೇಳಿತು. ಮಹಾರಾಷ್ಟ್ರದ ಗಡಿ ದಾಟಿದ್ದಾರೆ ಎಂದು ಅದರಿಂದಲೇ ತಿಳಿಯಿತು.

ಸ್ಟೇಷನ್ ಹತ್ತಿರ ನಿಂತ ಟ್ರ್ಯಾಕ್ಟರುಗಳನ್ನೆಲ್ಲ ಕೇಳಿದೆ. ಒಬ್ಬ ಉದಗೀರ ಕಡೆ ಎಂದ, ಇನ್ನೊಬ್ಬ ಅಲ್ಲ ಎಂದ. ಉದಗೀರ ಕಡೆಗೂ ಹೋದೆ, ಎರಡು ಟೋಳಿ ನೋಡಿದೆ, ಅವರಲ್ಲ. ಸಂಜೆಯವರೆಗೆ ಹಚ್ಚುತ್ತಲೇ ಇದ್ದೆ, ಆ ಹೆಣ್ಣುಮಗಳು ಅದೇ ಮಾತು ಹೇಳುತ್ತಲೇ ಇದ್ದಳು.

ಭಾನುವಾರ ಔರಾದಿನ ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ಪ್ರವೇಶಪತ್ರ ಹಿಡಿದು ನಿಂತೆ. ತಂದೆಗೆ ತಾರೀಖು ನೆನಪಿದ್ದು, ತಾನೇ ಕರೆತರಬಹುದು ಎಂಬ ಆಸೆ. ಟೀಚರೂ ಬಂದಿದ್ದರು. ಮಕ್ಕಳು ಒಳಗೆ ಹೋದರು. ಗಂಟೆ ಹೊಡೆಯಿತು. ಗೇಟು ಹಾಕಿದವನು ನನ್ನ ಕೈಯಲ್ಲಿದ್ದ ಕಾಗದ ನೋಡಿ, ‘ಹುಡುಗಿ ಎಲ್ಲಿ ಅದಾಳ್ರಿ, ಜಲ್ದಿ ಕರೀರಿ, ಹತ್ತ ನಿಮಿಷ ಬಿಡ್ತೇವಿ’ ಎಂದ. ಒಳ್ಳೆಯ ಮನುಷ್ಯ. ಹತ್ತಲ್ಲ, ಅರ್ಧ ತಾಸು ಗೇಟಿನ ಹತ್ತಿರವೇ ನಿಂತಿದ್ದ.

 ಟೀಚರ್ ನನ್ನನ್ನು ಬೈಯಬಹುದಿತ್ತು. ಇಲ್ಲಿಯವರೆಗೆ ಬರೆಯದೆ ಬಿಟ್ಟ ಒಂದು ಮಾತು ಇದೆ, ಅದನ್ನೀಗ ಬರೆಯಬೇಕು. ನಾನು ಹಲಗೆಯ ಮೇಲೆ ಆರೂವರೆ ಎಂದು ಬರೆದ ಮರುದಿನವೇ ಅವರು ನನ್ನ ಹತ್ತಿರ ಬಂದಿದ್ದರು.

‘ಕೀಲಿ ನನ್ನ ಕೈಯಾಗ ಕೊಡ್ರಿ ಮಾಸ್ತರ್. ಐದರ ಬಸ್ ಬಿಟ್ಟು ಆರರ ಬಸ್ಸಿಗಿ ಹೋಗ್ತೇನಿ. ಮುದುಕಿ ಬರೋತನಕ ನಾ ಕೂಡ್ತೇನಿ. ನಿಮ್ಮ ನೀರಿನ ಕೆಲಸ ಮುಗಿಯೋತನಕ ಅಷ್ಟೇ.’

ಕಂಪ್ಯೂಟರು ನನ್ನ ಜವಾಬ್ದಾರಿ, ಬ್ಯಾಟರಿ ಕೆಟ್ಟರೆ ನಾನು ಉತ್ತರ ಕೊಡಬೇಕು, ಕೀಲಿ ಬೇರೆಯವರಿಗೆ ಕೊಡುವ ನಿಯಮವಿಲ್ಲ ಎಂದಿದ್ದೆ. ಅಂಥ ನಿಯಮ ನಾನು ಎಲ್ಲಿಯೂ ಓದಿರಲಿಲ್ಲ. ನಿಜವೇನೆಂದರೆ, ಅವರು ಕೂತು ಕಲಿಸಿದರೆ ಮಕ್ಕಳು ನನ್ನನ್ನು ಮರೆಯುತ್ತಾರೆ, ಮಾಸ್ತರ್ ಎಂಬ ಹೆಸರು ಹೋಗುತ್ತದೆ ಎಂದು ಅಂಜಿದ್ದೆ. ಅವರು ಡಿಗ್ರಿ ಓದಿದವರು, ನಾನು ಹತ್ತನೆಯ ತರಗತಿ. ಕೀಲಿ ನನ್ನ ಸೊಂಟದಲ್ಲೇ ಇತ್ತು. ಗೋಧಿಗೆ ನೀರು ಬಿಡುವಾಗಲೂ ಇತ್ತು.

ಆ ವಾರ ಬೀದರಿಗೆ ಹೋಗಿ ಸಂಬಂಧಪಟ್ಟ ಕಚೇರಿಯಲ್ಲಿ ವಿಚಾರಿಸಿದೆ. ಗೈರುಹಾಜರಾದವರಿಗೆ ಎರಡನೆಯ ಅವಕಾಶವಿಲ್ಲ ಎಂದರು. ಕುರ್ಚಿ ಕೊಟ್ಟು, ನೀರು ಕೊಟ್ಟು ಹೇಳಿದರು. ‘ಅಜ್ಜಾರ, ಆ ಹುಡುಗಿ ನಿಮಗೇನಾಗಬೇಕು?’ ಎಂದು ಕೇಳಿದರು. ಏನೂ ಆಗಬೇಕಿಲ್ಲ ಎಂದೆ. 

ಕಬ್ಬಿನ ಹಂಗಾಮು ಮುಗಿದು ಬೇಸಿಗೆಯಲ್ಲಿ ಅವರು ಮರಳಿದರು. ಗ್ರಂಥಾಲಯದಲ್ಲಿ ಶಿಬಿರ ನಡೆದಿತ್ತು. ಹುಡುಗಿ ತಂಗಿಯನ್ನು ಎತ್ತಿಕೊಂಡು ಬಂದಳು, ಎತ್ತರವಾಗಿದ್ದಳು, ಅಂಗೈಯಲ್ಲಿ ಸೋಗೆ ಕೊಯ್ದ ಗೆರೆಗಳಿದ್ದವು. ನಾನು ಆ ಪುಸ್ತಕ ತೆಗೆದು, ನಿಂತಿದ್ದ ಪುಟ ಬಿಚ್ಚಿ ಅವಳ ಮುಂದಿಟ್ಟೆ. ಮೊದಲು ನೀರಿನ ಹಾಗೆ ಓದುತ್ತಿದ್ದವಳು ಅಕ್ಷರದ ಕೆಳಗೆ ಬೆರಳಿಟ್ಟಳು. ಒಂದು ಕಡೆ ತಡೆದಳು. ನಾನು ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ. ಪುಟ ಮುಗಿಸಿ ಮುಖ ಎತ್ತಿದಳು.

‘ಬಾಗಿಲಾ ತಟ್ಟಿದ್ದು ಪೋಸ್ಟಮನ್ ಏನ್? ನಾ ತಂಗಿಗಿ ಬ್ಯಾರೆ ಹೇಳೀನಿ, ಮುತ್ಯಾ.’

‘ಯಾರ್ ಅಂತ ಹೇಳಿದ್ದಿ?’

‘ದಿನಾ ಬ್ಯಾರೆ ಬ್ಯಾರೆ. ಒಂದಿನ ನೀನೂ ಇದ್ದಿ.’

ನಾನು ಪುಸ್ತಕ ಅವಳಿಗೇ ಕೊಟ್ಟೆ. ಶಿಬಿರ ಮುಗಿಯುವವರೆಗೆ ದಿನಾ ಬಂದಳು. ಆರನೆಯ ತರಗತಿಗೆ ಊರಿನ ಶಾಲೆಯಲ್ಲೇ ಹೆಸರು ಹಚ್ಚಿದರು. ಜೂನಿನಿಂದ ಸಂಜೆ ನಾಲ್ಕೂವರೆಗೆ ಬಂದಳು. ನಾನು ಟೀಚರಿಗೆ ಇನ್ನೊಂದು ಕೀಲಿ ಮಾಡಿಸಿ ಕೊಟ್ಟೆ. ದಸರಾ ಬಂತು. ಹುಡುಗಿಯ ತಂದೆ ಈ ಸಲ ಅಜ್ಜಿಯನ್ನು ಕೇಳಲೇ ಇಲ್ಲ. ಹುಡುಗಿ ರೊಟ್ಟಿ ಬಡಿಯುವುದನ್ನು, ಕೂಸು ನೋಡುವುದನ್ನು ಕಲಿತಿದ್ದಳು, ಟೋಳಿಗೆ ಬೇಕಾಗಿದ್ದಳು. ಟ್ರ್ಯಾಕ್ಟರು ಬಂತು, ಹೋದಳು. ಹುಡುಗಿಯನ್ನು ಬಿಟ್ಟು ಹೋಗಿ ಎಂದು ನಾನು ವಾಡಿಗೆ ಮೂರು ಸಲ ಹೋಗಿ ಹೇಳಿದ್ದೆ. ಮೂರು ಸಲವೂ ಚಹಾ ಕೊಟ್ಟರು.

ಆ ಚಳಿಗಾಲ ನಾನು ಗೋಧಿ ಬಿತ್ತಲಿಲ್ಲ. ಅದೇ ನನ್ನ ಕೊನೆಯ ವರ್ಷ. ಈಗ ಕೆಲಸ ಬಿಟ್ಟು ಬೀದರಿನ ಮೈಲೂರಿನಲ್ಲಿ ಮಗಳ ಮನೆಗೆ ಬಂದಿದ್ದೇನೆ. ಆ ವರ್ಷವೆಲ್ಲ ನಾಲ್ಕೂವರೆಗೆ ಒಂದು ನಿಮಿಷವೂ ತಪ್ಪದೆ ಬಾಗಿಲು ತೆಗೆದೆ. ಜೋಡಿ ಓದು ನಡೆಯುತ್ತಿತ್ತು, ಕಥೆ ಒಳ್ಳೆಯ ಕಡೆ ನಿಲ್ಲುತ್ತಿತ್ತು. ಜ್ವರದಿಂದ ಎದ್ದ ಅಜ್ಜಿ ಮತ್ತೆ ಕೂಲಿಗೆ ಬಂದು, ವಾಡಿಯ ಇಬ್ಬರನ್ನು ಕರೆದೊಯ್ಯುತ್ತಿದ್ದಳು. ಒಂದು ದಿನ ಐದೂವರೆಗೆ ತೊಗರಿ ಹೊಲದಿಂದ ಬಂದಳು. ಆ ಇಬ್ಬರು ಅಂದು ಶಾಲೆಗೇ ಬಂದಿರಲಿಲ್ಲ. ಆದರೂ ರೂಢಿಯ ಮೇಲೆ ಮೆಟ್ಟಿಲ ಹತ್ತಿರ ನಿಂತಳು, ಒಳಗೆ ನೋಡಿದಳು. ನಾನು ಎದ್ದು ಬಾಗಿಲಿಗೆ ಬಂದೆ.

‘ವಾಡಿಯವ್ರು ಯಾರೂ ಇಲ್ಲವ್ವಾ’ ಎಂದೆ.

‘ಹೌದಲ್ರಿ’ ಎಂದಳು.  ಆಮೇಲೆ ಬೆಳಕು ಇರುವಾಗಲೇ ಹೊರಟಳು, ಒಬ್ಬಳೇ.